ದವಾಖಾನಿ ಜಾಗದ ಕೀಲಿ ಕೊಡ್ರಿ

ನಮ್ಮೂರ ಆರೋಗ್ಯ ಉಪಕೇಂದ್ರದ ಜಾಗಕ್ಕ ಕೀಲಿ ಜಡದು ಮರತಿರೋ ಸಾಹೇಬರಿಗೆ,

ಮಾನ್ಯರೇ, ದವಾಖಾನಿ ಕಟ್ಟತೀವಂತ ನೀವು ತಂತಿಬೇಲಿ ಹಾಕಿದ ಜಾಗದಾಗ ಎದಿಮಟ ಪಾರ್ಥೇನಿಯಂ ಕಸ ಬೆಳದು ಬೆಳ್ಳಗ ಹೂವು ಬಿಟ್ಟೈತಿ. ಅದರ ಪುಡಿಗೆ, ಬೇಲಿಗೆ ಹತ್ತಿದ ನಮ್ಮ ಮನ್ಯಾಗ ನನ್ನ ಮೊಮ್ಮಗಳ ಉಸಿರು ಕಟ್ಟಾಕತ್ತೈತಿ. ಆರು ವರ್ಷಾತು, ದವಾಖಾನಿ ಬರಲಿಲ್ಲ, ಬ್ಯಾನಿ ಮಾತ್ರ ವರ್ಷಾ ಟೈಮಿಗೆ ಸರಿಯಾಗಿ ಬರತೈತಿ. ನಿಮ್ಮ ಯೋಜನೆಯ ಉದ್ದೇಶ ಇದನ ಏನ್ರಿ?

‘ಅತಿಕ್ರಮ ಪ್ರವೇಶ ಶಿಕ್ಷಾರ್ಹ’ ಅಂತ ಬೋರ್ಡು ಬರಸೀರಿ. ನಾಲ್ಕನೇ ಕ್ಲಾಸಿನ ಮಟ ಸಾಲಿ ಕಲ್ತಾಕಿ ನಾನು, ಅಕ್ಷರ ಕೂಡಿಸಿ ಕೂಡಿಸಿ ಓದೀನಿ. ನಾನು ಬೇಲಿ ದಾಟಿದ್ರ ಗುನ್ನೆ. ನಿಮ್ಮ ಹೂವಿನ ಪುಡಿ ಬೇಲಿ ದಾಟಿ ನಮ್ಮ ಪಡಸಾಲಿಗೆ ಬಂದ್ರ ಅದಕ್ಕ ಯಾವ ಕಲಮು ಹಚ್ಚಬೇಕ್ರಿ?

ಮೊಮ್ಮಗಳು ಹೇಮಾ, ಆರನೇ ಕ್ಲಾಸು. ಮೂರು ವರ್ಷದಿಂದ ಮಳಿ ಹಿಂದಾದ ಕೂಡ್ಲೆ ಸೀನು, ಕಣ್ಣು ತುರಿಕಿ. ತೋರಸಾಕ ಒಯ್ದಲ್ಲೆಲ್ಲ “ನೆಗಡಿ ಅಜ್ಜಿ, ಗುಳಿಗಿ ತಗೋ” ಅಂತ ಮೂಗು ನೋಡಿ ಕಳಸಿದ್ರು. ಎದಿ ಮ್ಯಾಲೆ ನಳಿ ಇಟ್ಟವರಿಲ್ಲ. ಈ ದಸರಾಕ್ಕ ಎದಿಯೊಳಗ ಪೀಪಿ ಊದಿದಂಗ ಸಪ್ಪಳ ಶುರುವಾತು. ಕಡೀಕ ಕೊಪ್ಪಳದ ಒಬ್ಬ ಡಾಕ್ಟರಮ್ಮ ಬಿಡಿಸಿ ಹೇಳಿದ್ಲು: “ಮೂಗು, ಎದಿ ಎರಡೂ ಒಂದ ದಾರಿ ಅಜ್ಜಿ. ಪರಾಗದಿಂದ ಮೂಗಿನಾಗ ಎದ್ದ ಬಾವು ಕೆಳಗೂ ಇಳೀತೈತಿ. ಉಸಿರಿನ ನಾಳ ಬಾತು ಬಿಗೀತಾವ. ಒಳಗ ಹೋದ ಗಾಳಿ ಹೊರಗ ಬರಾಕ ಒದ್ದಾಡತೈತಿ.” ಬಾಯಾಗ ಎಳಕೊಳ್ಳೋ ಪಂಪು ಕೊಟ್ಲು. ಹೂವು ಮುಗಿಯೂ ಮಟ ಬಾಗಲಾ ಕಿಡಕಿ ಹಾಕ್ಕೋರಿ ಅಂದ್ಲು.

ಹಾಕ್ಕೊಂಡ್ವಿ. ಕಿಡಕಿ ಸಂದಿಗೆ ಕೌದಿ ತುರುಕಿದೆ. ಒಳಗ ಹೊಕ್ಕ ಪುಡಿ ಹೋಗ್ಲಿ ಅಂತ, ನಮ್ಮವ್ವ ಮಾಡತಿದ್ದಂಗ, ಬೇವಿನ ತೊಪ್ಪಲದ ಹೊಗಿ ಹಾಕಿದೆ. ಅರ್ಧ ತಾಸಿನಾಗ ಕೂಸಿನ ತುಟಿ ನೀಲಿ. “ಅಜ್ಜಿ, ಬಾಗಲಾ ತಗಿಬೇ” ಅನ್ನಾಕ ಮೂರು ಸಲ ಉಸಿರು ತಗೊಂಡ್ಲು. ತಗದ್ರ ನಿಮ್ಮ ಹೂವು, ಹಾಕಿದ್ರ ನನ್ನ ಹೊಗಿ. ಪಂಪು ಎಳಸಿ, ನಮ್ಮ ಓಣಿ ಶಬ್ಬೀರನ ಆಟೋದಾಗ ಕೊಪ್ಪಳಕ್ಕ ಒಯ್ದು ಉಳಿಸಿಕೊಂಡ್ವಿ. ಹೊಗಿ ಹಾಕಿದ್ದು ನನ್ನ ತಪ್ಪು, ಊರ ಮುಂದ ಒಪ್ಪಿಗೊಂಡೀನಿ. ನೀವು ಯಾವಾಗ ಒಪ್ಪಿಗೋತೀರಿ?

ತಳಕಲ್ಲಿನ ನನ್ನ ತಂಗಿ ಮಾರೆವ್ವನ ಮನ್ಯಾಗ ಹೇಮಾನ್ನ ನಾಕು ದಿನ ಇಟ್ಟೆ. ಆಡಿನ ಮರಿ ಹಿಂದ ಓಡಿದ್ಲು! ಸಾಲಿ ಹಾಜರಿ ಅಂತ ಕರಕೊಂಡು ಬಂದ ಎರಡನೇ ದಿನಕ್ಕ ಮತ್ತ ಅದ ಪೀಪಿ.

ನಿಮ್ಮ ಆಫೀಸಿಗೆ ಬಂದು ಕೀಲಿ ಕೇಳಿದೆ. “ಫೈಲು ಪರಿಶೀಲನೆಯಲ್ಲಿದೆ ಅಜ್ಜಿ” ಅಂದ ನಿಮ್ಮ ಗುಮಾಸ್ತ.

“ಫೈಲಿಗೇನಪಾ, ಅದಕ್ಕ ದಮ್ಮು ಬರಂಗಿಲ್ಲ, ಎಷ್ಟು ವರ್ಷಾದ್ರೂ ಕುಂದರತೈತಿ.”

“ಕಸ ಕೀಳಾಕೂ ಮ್ಯಾಲಿಂದ ಆರ್ಡರ್ ಬೇಕ್ರಿ.”

“ಬೆಳಿಯಾಕ ಯಾರು ಕೊಟ್ಟಿದ್ರು?”

ಅಂವ ನಕ್ಕ. ನನಗ ನಗಿ ಬರಲಿಲ್ಲ.

ಮಾನ್ಯರೇ, ಇನ್ನ ಎಂಟು ದಿನಕ್ಕ ಈ ಹೂವು ಬೀಜಾಗಿ ಉದುರತೈತಿ. ಆಮ್ಯಾಲೆ ಬರೂ ವರ್ಷದ ಬೆಳಿನೂ ನಿಮ್ಮದ. ಅದರೊಳಗ ನೀವ ಬಂದು ಕೀಳಸ್ರಿ, ಇಲ್ಲಾ ಕೀಲಿ ಕಳಸ್ರಿ. ನಮ್ಮ ಓಣಿ ಹೆಂಗಸರು ಬಾಯಿಗೆ ಬಟ್ಟಿ ಕಟಗೊಂಡು ಕಿತ್ತ ಹಾಕತೀವಿ. ಎರಡೂ ಆಗಲಿಲ್ಲಂದ್ರ ಸೋಮವಾರ ಮುಂಜಾನೆ ನಾನು ಬೇಲಿ ದಾಟತೀನಿ. ಪೊಲೀಸರಿಗೆ ಫೋನು ನೀವ ಮಾಡ್ರಿ. ಅವರು ಬರೂದರೊಳಗ ನಮ್ಮ ಮನಿ ಗ್ವಾಡಿ ಕಡೆ ಇರೋ ಅರ್ಧಾ ಕಸ ಕಿತ್ತಿರತೀನಿ. ಉಳಿದರ್ಧ ಪಂಚನಾಮೆಗೆ ಇಟಗೋರಿ.

ಇಂತಿ,
ಕಟ್ಟದ ದವಾಖಾನಿಯ ಮೊದಲ ಫಲಾನುಭವಿಯ ಅಜ್ಜಿ
ಹಂಪವ್ವ
ಯಲಬುರ್ಗಾ ತಾಲೂಕು