ಸೊಸೆಯ ಪಾಲಿನ ಎದೆತುಂಡು

ಅಕ್ಟೋಬರ್ ೧೪, ಮಂಗಳವಾರ. ಕೆಗೆನ್.

ಭಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಗುರುವಾರ ಅಲ್ಮಾಟಿಯಲ್ಲಿ ಕೊಯ್ಯುವುದು ನನ್ನ ಎದೆಯನ್ನು. ಹೃದಯಕ್ಕೆ ಯಾವ ವಾಲ್ವ್ ಹಾಕಬೇಕೆಂದು ತೀರ್ಮಾನಿಸುವುದು ಇವರಂತೆ!

ಆಪರೇಷನ್‌ಗೆ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಲೆಂದು ಕುರಿ ಕಡಿಸಿದ್ದರು. ಗಂಡನ ಅಣ್ಣ ಯೆರ್ಗಾಜಿ ಭಾವ ಎಂದಿನಂತೆ ಮಾಂಸ ಪಾಲು ಮಾಡುತ್ತಲೇ ಅಪ್ಪಣೆ ಕೊಡಿಸಿದರು: "ಲೋಹದ್ದೇ ಹಾಕಿಸ್ಕೊ ಶಾರ್ಬಾನು. ಸಾಯೋವರೆಗೂ ಬಾಳಿಕೆ ಬರುತ್ತೆ."

"ಸಾಯೋವರೆಗೂ ರಕ್ತ ತೆಳು ಮಾಡೋ ಮಾತ್ರೆನೂ ನುಂಗ್ಬೇಕಲ್ಲ ಭಾವ. ಕುದುರೆ ಮೇಲಿಂದ ಬಿದ್ರೆ ರಕ್ತ ನಿಲ್ಲಲ್ಲ. ಹಸುವಿನ ಹೃದಯದ ಪೊರೆಯದ್ದಾದ್ರೆ ಆ ಕಾಟ ಮೂರು ತಿಂಗಳಷ್ಟೇ."

"ಅದು ಹತ್ತು ಹದಿನೈದು ವರ್ಷಕ್ಕೆ ಸವೆದುಹೋಗುತ್ತೆ. ಮತ್ತೆ ಕೊಯ್ಸ್ಕೋತೀಯಾ? ಅರವತ್ತಕ್ಕೆ ಎರಡು ಕಮ್ಮಿ ನಿಂಗೆ, ಇನ್ನೆಂಥ ಸವಾರಿ? ಮನೇಲಿ ಕೂತ್ಕೋ."

ಕೂರಬೇಕಂತೆ. ಹನ್ನೊಂದು ಹೆಣ್ಣುಕುದುರೆಗಳನ್ನು ಬೆಟ್ಟದಿಂದ ಹೊಡೆದುಕೊಂಡು ಬಂದು ಹಾಲು ಕರೆಯುವವಳು ನಾನು. ಇವರು ಗಟಗಟ ಕುಡಿಯುವ ಕುಮಿಸ್, ಆ ಹುಳಿ ಬರಿಸಿದ ಕುದುರೆಹಾಲು, ಮತ್ತೆಲ್ಲಿಂದ ಬರುತ್ತದೆ?

ಅಷ್ಟರಲ್ಲಿ ಎದೆತುಂಡು ನನ್ನ ತಟ್ಟೆಗೆ ಬಿತ್ತು. ನಮ್ಮಲ್ಲಿ ಸೊಸೆಗೆ ಎದೆ, ಮೂವತ್ತೈದು ವರ್ಷದಿಂದ ಅದೇ ಪಾಲು, ತಲೆ ತಗ್ಗಿಸಿ ತಿಂದಿದ್ದೇನೆ. ಇವತ್ತು ಅದನ್ನು ಎತ್ತಿ ಹಿಡಿದೆ.

"ಇದು ನನ್ನ ಪಾಲು ತಾನೆ ಭಾವ?"

"ಮತ್ತಿನ್ಯಾರದ್ದು?"

"ಹಂಗಾದ್ರೆ ಎದೆಯೊಳಗೆ ಏನಿಡಬೇಕು ಅಂತ ನಾನೇ ಹೇಳ್ತೀನಿ."

ಅತ್ತೆ ಬಾಯಲ್ಲಿದ್ದ ಚಹಾ ಚೆಲ್ಲುವಂತೆ ನಕ್ಕರು. ಹಿರಿಮಗನ ಮುಖ ನೋಡಿ ಮತ್ತೆ ನಕ್ಕರು. ಭಾವ ಚಾಕು ಒರೆಸುತ್ತ ಕೂತರು.

ಹಸುವಿನದ್ದೇ. ಹೆದರಿಕೆ ಇಲ್ಲವೆಂದಲ್ಲ. ಅದು ಸವೆದಾಗ ಮತ್ತೆ ಕೊಯ್ಯಲಿ. ಆಗಲೂ ಕುದುರೆ ಮೇಲಿಂದ ಇಳಿದೇ ಆಸ್ಪತ್ರೆಗೆ ಹೋಗುತ್ತೇನೆ.