ಲಾಂಡ್ರಿ ಹೆಂಗಸಿನ ಮುಂದಿನ ಕಥೆ

ಮಾರ್ಚ್ 3, ಭಾನುವಾರ

ಮತ್ತೆ ಡ್ರೈವಿಂಗ್ ಸ್ಕೂಲಿನ ಕ್ಲಾಸ್‌ರೂಮು. ಗೋಡೆ ತುಂಬ ರಸ್ತೆ ಚಿಹ್ನೆಗಳು, ಮೂಲೆಯಲ್ಲಿ ಹೊಸಬರು ಕಲಿಯುವ ಡಮ್ಮಿ ಸ್ಟಿಯರಿಂಗು. ಹಾಡು ಕೇಳುವುದಕ್ಕೆ ಇದಕ್ಕಿಂತ ದರಿದ್ರ ಜಾಗ ಸಿಗಲಿಕ್ಕಿಲ್ಲ. ಆದರೆ ಸ್ಕೂಲಿನ ಮಾಲೀಕರೇ ನಮ್ಮ ಗುಂಪಿನ ಯಜಮಾನರು. ಮೇಷ್ಟ್ರು ಅಂತಲೇ ಕರೆಯುವುದು. ನಮ್ಮ ಗುಂಪು ಹುಚ್ಚು ಹಚ್ಚಿಕೊಂಡಿರುವ ಇಂಗ್ಲೆಂಡಿನ ಹಳೆಯ ನ್ಯೂ ವೇವ್ ಪಾಪ್ ಬ್ಯಾಂಡಿನ ರೆಕಾರ್ಡುಗಳೆಲ್ಲ ಅವರ ಹತ್ತಿರ ಇವೆ. ಒಂದನ್ನೂ ಯಾರಿಗೂ ಮುಟ್ಟಲು ಕೊಡುವುದಿಲ್ಲ.

ಬ್ಯಾಂಡು ಮುರಿದು ಯಾವ ಕಾಲವಾಯಿತೋ. ನಾವು ಏಳೆಂಟು ಜನ ಇನ್ನೂ ಬಿಟ್ಟಿಲ್ಲ. ಬೇರೆ ಬ್ಯಾಂಡಿನವರೆಲ್ಲ ಪ್ರೀತಿ ಗೀತಿ ಎಂದು ಗೋಳಾಡುತ್ತಿದ್ದಾಗ ಈ ಬ್ಯಾಂಡಿನವರು ಹಾಡಿನಲ್ಲಿ ಕಥೆ ಹೇಳಿದರು — ಚಮಚ ಎಣಿಸುವ ಬೋರ್ಡಿಂಗ್ ಹೌಸಿನ ಯಜಮಾನಿ, ಸತ್ತ ಅಪ್ಪನ ಕಾರು ಮಾರಲು ಹೊರಟ ಅಣ್ಣ ತಮ್ಮಂದಿರು, ಸಿನಿಮಾ ಮುಗಿದರೂ ಏಳದ ಗಿರಾಕಿ. ಗಾಯಕ ಅಳುವುದಿಲ್ಲ. ಯಾರೋ ವೇಳಾಪಟ್ಟಿ ಓದಿದ ಹಾಗೆ ಹೇಳಿಕೊಂಡು ಹೋಗುತ್ತಾನೆ, ಅಳುವ ಕೆಲಸ ನಮ್ಮದು. ಕಥೆ ಮುಗಿಸುವುದೂ ಇಲ್ಲ ಪುಣ್ಯಾತ್ಮ. ಕೊನೆಯ ಚರಣದಲ್ಲಿ ನಡುನೀರಿನಲ್ಲಿ ಕೈಬಿಡುತ್ತಾನೆ.

ಅದಕ್ಕೇ ನಮ್ಮ ಪದ್ಧತಿ. ತಿಂಗಳಿಗೊಂದು ಹಾಡು. ಸರದಿ ಬಂದವರು ಎದ್ದು ನಿಂತು ಆಮೇಲೆ ಏನಾಯಿತು ಎಂದು ಹೇಳಬೇಕು. ನಂಬುವ ಹಾಗಿದ್ದರೆ ಯಾರೂ ಮಾತಾಡುವುದಿಲ್ಲ, ಹಾಡು ಇನ್ನೊಮ್ಮೆ ಹಾಕುತ್ತಾರೆ. ಬುರುಡೆ ಅನ್ನಿಸಿದರೆ ಮೇಷ್ಟ್ರು ಡಮ್ಮಿ ಸ್ಟಿಯರಿಂಗಿನ ಹಾರ್ನ್ ಒತ್ತುತ್ತಾರೆ. ಇವತ್ತು ಔಷಧಿ ಅಂಗಡಿಯವರಿಗೆ ಪೋಂ. ನನ್ನ ಅಕ್ಕನಿಗಂತೂ ಪ್ರತಿ ಸಲವೂ ಪೋಂ. ಬರುವ ತಿಂಗಳು ಅವಳದೇ ಸರದಿ. ಹಾಡು — ‘ಲಾಂಡ್ರಿ ಹೆಂಗಸು’.

“ಈ ಸಲ ಒತ್ತಲಿ ನೋಡ್ತೀನಿ” ಅಂದಳು ಅಕ್ಕ, ಮೆಟ್ಟಿಲು ಇಳಿಯುತ್ತ. ಮುಖ ಊದಿಕೊಂಡಿತ್ತು.

ಮಾರ್ಚ್ 5

ಕಟ್ಟುವ ಹಲ್ಲು ತಯಾರಿಸುವ ನಮ್ಮ ಲ್ಯಾಬಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಒಬ್ಬರ ಹಲ್ಲಿನ ಸೆಟ್ಟು ಡಾಕ್ಟರ್ ವಾಪಸ್ ಕಳಿಸಿದ್ದಾರೆ — ತೀರಾ ಚೆನ್ನಾಗಿದೆಯಂತೆ, ನಿಜದ ಹಲ್ಲಿನ ಹಾಗೆ ಕಾಣುವುದಿಲ್ಲವಂತೆ. ಮೇಣ ಬಿಸಿ ಮಾಡಿ ಒಂದು ಹಲ್ಲನ್ನು ಕೊಂಚ ಸೊಟ್ಟ ಕೂರಿಸಿದೆ. ಪಾಸಾಯಿತು.

ಸಂಜೆ ಬಟ್ಟೆ ಇಸ್ತ್ರಿ ಮಾಡುತ್ತ ಫೋನಿನಲ್ಲಿ ‘ಲಾಂಡ್ರಿ ಹೆಂಗಸು’ ಹಾಡನ್ನೇ ಹಾಕಿಕೊಂಡೆ. ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಯಾರದೋ ಶರ್ಟಿನ ಜೇಬಿನಲ್ಲಿ ಬಳಸದ ರೈಲು ಟಿಕೆಟ್ ಸಿಗುತ್ತದೆ. ಪಲ್ಲವಿ ಮೂರು ಸಲ ಬರುತ್ತದೆ, ಪ್ರತಿ ಸಲ ಒಂದೇ ಒಂದು ಮಾತು ಬದಲು. ಮೊದಲು ‘ಸಂಜೆಗೆ ಮನೆಗೆ ಹೋಗುತ್ತಾಳೆ’, ಆಮೇಲೆ ‘ಹೋಗಬೇಕು’, ಕೊನೆಗೆ ‘ಹೋಗಬಹುದು’. ಅಷ್ಟೇ. ಅಷ್ಟರಲ್ಲೇ ಒಂದು ಸಂಸಾರ ಕುಸಿದು ಬೀಳುತ್ತದೆ. ಕಡೆಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಳೆ, ಡ್ರಮ್ ನಿಲ್ಲುತ್ತದೆ, ಕೀಬೋರ್ಡ್ ಒಂದೇ ಸ್ವರ ಹಿಡಿದುಕೊಂಡು... ಮುಗಿಯಿತು.

ಆಗ ತಾನೇ ಬಂದ ನನ್ನ ಗಂಡ ಚಪ್ಪಲಿ ಬಿಡುತ್ತ ಅಂದರು, “ಕಣ್ಣಾರೆ ನೋಡದೇ ಇರೋದನ್ನ ಹೇಗೆ ಹೇಳ್ತಾರೆ ನಿಮ್ಮ ಗುಂಪಿನವರೆಲ್ಲ?” ಇವರು ಇನ್ಶೂರೆನ್ಸ್ ಸರ್ವೇಯರ್. ಜಜ್ಜಿಹೋದ ಗಾಡಿ ನೋಡಿ ರಿಪೋರ್ಟ್ ಬರೆಯುವವರು. ಕಲ್ಪನೆ ಎಂಬುದು ದೇವರಾಣೆಗೂ ಇಲ್ಲ. ನನ್ನನ್ನು ಸ್ಕೂಟರಿನಲ್ಲಿ ಗುಂಪಿಗೆ ಕರೆದೊಯ್ದು, ಹಿಂದಿನ ಬೆಂಚಿನಲ್ಲಿ ಬಿಸ್ಕತ್ತು ತಿನ್ನುತ್ತ ಕೂರುವುದು — ಬ್ಯಾಂಡಿಗೂ ಇವರಿಗೂ ಇಷ್ಟೇ ನಂಟು.

ಮಾರ್ಚ್ 14

ಹಾಡು ತಲೆಯಿಂದ ಇಳಿಯುತ್ತಿಲ್ಲ. ಕಾರಣ ಗೊತ್ತು. ಕಳೆದ ವರ್ಷ ನಾನೂ ಹಾಗೇ ನಿಂತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಗು ತುಂಬಿಕೊಂಡು, ಟಿಕೆಟ್ ಕೈಯಲ್ಲಿ ಹಿಡಿದು. ಹೊಡೆತ ಬಡಿತ ಏನಿಲ್ಲ. ಮನೆಯಲ್ಲಿ ಮಾತೇ ಇಲ್ಲ, ಅದೇ ಸಾಕಾಗಿತ್ತು. ಬಸ್ಸು ಬಂತು. ಇವರ ಬಿಪಿ ಮಾತ್ರೆ ನೆನಪಾಯಿತು. ನಾನು ಕೈಗಿಡದಿದ್ದರೆ ನುಂಗುವುದಿಲ್ಲ. ನಾನಿಲ್ಲದೆ ಈ ಮನುಷ್ಯ ಉಳಿಯುವುದಿಲ್ಲ ಎನ್ನಿಸಿತು. ವಾಪಸ್ ಬಂದೆ.

ಇವರು ಆಗಲೇ ಮನೆಯಲ್ಲಿದ್ದರು. ಪೇಪರಿನಿಂದ ತಲೆ ಎತ್ತದೆ, “ಹಾಲು ಸಿಗ್ಲಿಲ್ವಾ?” ಬ್ಯಾಗು ಕಣ್ಣಿಗೇ ಬೀಳಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಆದರೂ ನನ್ನದು ಅಂತ ಇರುವುದು ಅದೊಂದೇ. ಬಿಟ್ಟು ಹೋಗಬಹುದಿತ್ತು, ಇವರಿಗೋಸ್ಕರ ಹೋಗಲಿಲ್ಲ. ಇವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಆ ಹೆಮ್ಮೆಯಲ್ಲೇ ದಿನ ದೂಡುತ್ತಿದ್ದೇನೆ. ಹೇಳಿಕೊಂಡಿದ್ದು ಅಕ್ಕನೊಬ್ಬಳ ಹತ್ತಿರ.

ಏಪ್ರಿಲ್ 7, ಭಾನುವಾರ

ಮನೆಗೆ ಬಂದ ಕೂಡಲೇ ಬರೆಯಲು ಕೂತೆ.

ಅಕ್ಕ ಎದ್ದು ನಿಂತಳು. ನೋಟ್ಸ್ ಇಲ್ಲ, ಕೆಮ್ಮಿಲ್ಲ. ಲಾಂಡ್ರಿ ಹೆಂಗಸು ರೈಲು ಹತ್ತಲಿಲ್ಲ ಅಂದಳು. ಗಂಡನ ಮಾತ್ರೆ ನೆನಪಾಯಿತು ಅಂದಳು. ಟಿಕೆಟನ್ನು ಹರಿದು ಹಳಿಗೆ ಎಸೆದಳು, ಮನೆಗೆ ಬಂದಳು, ಗಂಡ ಪೇಪರ್ ಓದುತ್ತಿದ್ದ, ‘ಹಾಲು ಸಿಗಲಿಲ್ಲವಾ’ ಎಂದು ಕೇಳಿದ. ಹೇಳಿ ಕೂತುಬಿಟ್ಟಳು.

ಔಷಧಿ ಅಂಗಡಿಯವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮೇಷ್ಟ್ರು ಹಾರ್ನಿನ ಕಡೆ ನೋಡಲೂ ಇಲ್ಲ, ಎದ್ದು ಹಾಡು ಇನ್ನೊಮ್ಮೆ ಹಾಕಿದರು. ಅಕ್ಕನ ಮುಖದಲ್ಲಿ ಬೆಳಕು. ನನ್ನದೇ ಬಾಳಿನ ಮೇಲೆ ನಿಂತು ಶಭಾಷ್ ಅನ್ನಿಸಿಕೊಂಡಳು.

ಹಿಂದಿನ ಬೆಂಚಿನತ್ತ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಇವರು ಎಂದಿನ ಹಾಗೇ ಸ್ಕೂಟರ್ ಓಡಿಸಿದರು. ಮನೆಗೆ ಬಂದು ಟಿವಿ ಹಾಕಿಕೊಂಡು ಕೂತರು. ಅದು ನಮ್ಮದೇ ಕಥೆ ಎಂದು ತಲೆಗೆ ಹೋಗಿಲ್ಲ. ಇವರ ದಡ್ಡತನಕ್ಕೆ ಮೊದಲ ಸಲ ಕೈಮುಗಿದೆ.

ಏಪ್ರಿಲ್ 8

ಅಕ್ಕನ ಡ್ಯೂಟಿ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ. ಅಲ್ಲಿಗೇ ಫೋನ್ ಮಾಡಿದೆ.

“ಯಾಕೆ ಹಿಂಗ್ ಮಾಡ್ದೆ?”

“ಏನ್ ಮಾಡ್ದೆ? ನಿನ್ನ ಹೆಸರು ಹೇಳಿದ್ನಾ? ಅದು ಹಾಡಿನ ಹೆಂಗಸು ಕಣೆ.”

“ಅವರು ಅಲ್ಲೇ ಕೂತಿದ್ರು ಅಕ್ಕಾ.”

“ಗೊತ್ತಾಯ್ತಾ ಅವನಿಗೆ? ಇಲ್ಲ ತಾನೆ? ಮತ್ತೇನು?” ಆಮೇಲೆ ದನಿ ತಗ್ಗಿಸಿ, “ಎಷ್ಟು ಸಲ ಆ ದರಿದ್ರ ಹಾರ್ನು ಕೇಳ್ಲಿ ನಾನು? ನಿಂಗಾದ್ರೂ ಬಿಟ್ಟು ಹೋಗೋಕೆ ಒಬ್ಬ ಇದಾನೆ. ನನ್ನ ಹತ್ರ ಏನಿದೆ ಹೇಳೋಕೆ? ‘ನೆಕ್ಸ್ಟ್ ಪೇಷೆಂಟ್’ ಅನ್ನೋದೊಂದೇ.”

ಫೋನ್ ಇಟ್ಟೆ. ತನಗೆ ಮದುವೆ ಬೇಡ ಅಂದವಳು ಇವಳೇ. ಆ ಬ್ಯಾಂಡಿನ ಮೊದಲ ಕ್ಯಾಸೆಟ್ ನನ್ನ ಕೈಗಿಟ್ಟವಳೂ ಇವಳೇ. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಹಾಡು ಕೇಳಿ ಇಬ್ಬರೂ ಅಳುತ್ತಿದ್ದೆವು. ಆ ಅಕ್ಕ ನನಗೆ ಬೇಕು. ಇವಳು ಬೇಡ.

ಏಪ್ರಿಲ್ 29

ಬರೆಯುವ ಮನಸ್ಸೇ ಇರಲಿಲ್ಲ. ಅಕ್ಕನ ಹತ್ತಿರ ಮಾತು ಬಿಟ್ಟಿದ್ದೇನೆ. ಹಾಡುಗಳನ್ನೂ ಹಾಕಿಲ್ಲ, ಹಾಕಿದರೆ ಎಲ್ಲದರಲ್ಲೂ ಅಕ್ಕನ ದನಿ ಕೇಳಿಸುತ್ತದೆ. ಗುಂಪಿಗೆ ಇನ್ನು ಹೋಗುವುದಿಲ್ಲ ಎಂದುಕೊಂಡಿದ್ದೆ. ಇವತ್ತು ಇವರೇ ಕೇಳಿದರು, “ಭಾನುವಾರ ಹೋಗೋದಿಲ್ವಾ?” ಬಿಸ್ಕತ್ತಿನ ಆಸೆ ಇರಬೇಕು. ನಾನು ಹೋಗದಿದ್ದರೆ ಅಕ್ಕ ಗೆದ್ದ ಹಾಗಾಗುತ್ತದೆ. ಹೋಗೋಣ ಅಂದೆ.

ಮೇ 5, ಭಾನುವಾರ. ಸಂಜೆ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಕಳೆದ ಸಲ ಗುಂಪಿಗೆ ಬಾರದಿದ್ದ ಬ್ಯಾಂಕಿನವರಿಗೋಸ್ಕರ ಅಕ್ಕನಿಂದ ಮತ್ತೊಮ್ಮೆ ಹೇಳಿಸಿದರು. ಈ ಸಲ ಉಪ್ಪು ಕಾರ ಹಚ್ಚಿ ಹೇಳಿದಳು. ಟಿಕೆಟನ್ನು ಚೂರು ಚೂರು ಮಾಡಿ ಗಾಳಿಗೆ ತೂರಿದಳಂತೆ. ಮೇಷ್ಟ್ರ ಕೈ ಹಾರ್ನಿನ ಮೇಲೆ ಹೋಯಿತು.

ಆಗ ಹಿಂದಿನ ಬೆಂಚಿನಿಂದ ಇವರ ದನಿ. “ಹರೀಲಿಲ್ಲ.”

ಎಲ್ಲರೂ ತಿರುಗಿದರು. ಇವರ ಬಾಯಲ್ಲಿ ಬಿಸ್ಕತ್ತು.

“ಟಿಕೆಟ್ ಹರೀಲಿಲ್ಲ. ಹಿಂದೆ ಒಬ್ಬಳು ಮುದುಕಿ ನಿಂತಿದ್ಲು, ಅವಳ ಕೈಗೆ ಕೊಟ್ಲು. ಮುದುಕಿ ನಂಬಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ಲು. ಆಮೇಲೆ ಹತ್ತಿದ್ಲು.”

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. “ಅಬ್ಬಾ, ಎಂಥಾ ಮುಕ್ತಾಯ ಸಾರ್!” ಅಂದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಆ ದಿನ ನನ್ನ ಬಸ್ ಟಿಕೆಟನ್ನು ಹಿಂದೆ ನಿಂತಿದ್ದ ಮುದುಕಿಗೆ ಕೊಟ್ಟ ವಿಷಯ ಅಕ್ಕನಿಗೂ ಹೇಳಿರಲಿಲ್ಲ. ಆ ಮುದುಕಿ, ನಾನು, ಮತ್ತೆ ಅಲ್ಲಿ ನಿಂತು ನೋಡಿದವರು — ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಇವರು ಕಟ್ಟಿ ಹೇಳುವವರಲ್ಲ. ತಪ್ಪು ರಿಪೋರ್ಟ್ ಕಿವಿಗೆ ಬಿತ್ತು, ತಡೆಯಲಾಗಲಿಲ್ಲ, ತಿದ್ದಿದರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿದೆ. “ಎಲ್ಲಿದ್ರಿ ನೀವು?”

“ಸ್ಟ್ಯಾಂಡಿನ ಗೇಟ್ ಹತ್ರ. ಒಂದು ಬಸ್ಸು ಕಂಬಕ್ಕೆ ಗುದ್ದಿತ್ತು. ಇನ್‌ಸ್ಪೆಕ್ಷನ್ನಿಗೆ ಬಂದಿದ್ದೆ.”

“ಒಂದು ಸಲ ಕರೀಬಹುದಿತ್ತಲ್ಲ...”

ಶೂ ಲೇಸು ಬಿಚ್ಚುತ್ತಿದ್ದರು. ಪೂರ್ತಿ ಬಿಚ್ಚಿದ ಮೇಲೆ ಹೇಳಿದರು, “ನಿನ್ನ ಬಸ್ಸು ಹೊರಟ್ರೆ ಸಾಕು ಅಂತ ನಿಂತಿದ್ದೆ.”

ಸಿಟ್ಟಿಲ್ಲ, ಚುಚ್ಚುವ ದನಿಯೂ ಅಲ್ಲ. ಗಾಡಿಯ ಎಡಗಡೆಯ ಬಾಗಿಲು ನೆಗ್ಗಿದೆ ಎಂದು ರಿಪೋರ್ಟ್ ಬರೆಯುವ ಹಾಗೆ.

“ಮತ್ತೆ ನನಗಿಂತ ಮುಂಚೆ ಮನೇಲಿ ಹೇಗಿದ್ರಿ?”

“ನೀನು ತಿರುಗಿ ಬರೋದು ಕಾಣಿಸ್ತು. ಸ್ಕೂಟರಲ್ಲಿ ಬಂದ್ಬಿಟ್ಟೆ. ಇನ್ನೇನು ಮಾಡ್ಲಿ? ಪೇಪರ್ ಹಿಡ್ಕೊಂಡು ಕೂತೆ.”

“ನಿಮ್ಮ ಮಾತ್ರೆಗೋಸ್ಕರ ಬಂದೆ ನಾನು!” ಕಿರುಚಿಬಿಟ್ಟೆ. ಈ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ.

“ಮಾತ್ರೆ ನಾನೇ ತಗೋತೀನಲ್ಲ” ಅಂದರು, ನಿಜವಾಗಿಯೂ ಅರ್ಥವಾಗದೆ. “ನೀನು ನಿಮ್ಮಕ್ಕನ ಮನೇಲಿ ಉಳಕೊಂಡಾಗೆಲ್ಲ ತಗೊಂಡಿದೀನಿ. ಕೈಗೆ ಕೊಡೋದು ನಿಂಗೆ ಇಷ್ಟ ಅಂತ ಸುಮ್ನಿದ್ದೆ.”

ಅಡುಗೆಮನೆಗೆ ಬಂದು ನಿಂತೆ. ಅಳು ಬರಲಿಲ್ಲ. ಒಂದು ವರ್ಷದಿಂದ ಎದೆಯಲ್ಲಿಟ್ಟು ಸಾಕಿದ ಹೆಮ್ಮೆ, ಬರೀ ಬುರುಡೆ. ನನಗೆ ಹಾರ್ನ್ ಒತ್ತುವವರು ಯಾರೂ ಇರಲಿಲ್ಲ, ಅಷ್ಟೇ.

ಮೇ 6, ಬೆಳಿಗ್ಗೆ

ಮೇಷ್ಟ್ರ ಫೋನು. ಮುಂದಿನ ಸರದಿ ನನ್ನದಂತೆ, ಯಾವ ಹಾಡು ಬೇಕು ಅಂತ. ಯಾವುದಾದರೂ ಹಾಕಿ ಅಂದೆ. ಅಕ್ಕನ ಮೆಸೇಜ್ — ‘ನೀನೇ ಹೇಳಿದ್ಯಾ ಅವನಿಗೆ?’ ಉತ್ತರಿಸಿಲ್ಲ. ಲ್ಯಾಬಿಗೆ ರಜ ಹೇಳಿದೆ.

ಇವರೂ ಕೆಲಸಕ್ಕೆ ಹೊರಟಿಲ್ಲ. ಸ್ನಾನ ಮುಗಿಸಿ ಬಂದು ಬಾಗಿಲಲ್ಲಿ ನಿಂತು, “ಏನ್ ಬರೀತಿದೀಯ?” ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಏನಿಲ್ಲ ಅಂದೆ. ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ರಾತ್ರಿಯೆಲ್ಲ ಯೋಚಿಸ್ದೆ. ಈ ಸಂಸಾರ ನಿಂಗೂ ಬೇಡವಾಗಿತ್ತು, ನಂಗೂ ಬೇಡವಾಗಿತ್ತು. ಹಾಗಾದ್ರೆ ಇಷ್ಟು ದಿನ ನಾವಿಬ್ರೂ ಇಲ್ಲಿ ಇದ್ದಿದ್ದು ಯಾರಿಗೋಸ್ಕರ?”

ಉತ್ತರಕ್ಕೆ ಕಾಯುತ್ತಿದ್ದಾರೆ. ನಿಜವಾಗಿಯೂ ಕಾಯುತ್ತಿದ್ದಾರೆ. ನಾನು ತಲೆ ಎತ್ತದೆ ಬರೆಯುತ್ತಲೇ ಇದ್ದೇನೆ, ಯಾಕೆಂದರೆ ತಲೆ ಎತ್ತಿದರೆ ಆಮೇಲೆ ಏನು ಎಂದು ನಾನೇ ಹೇಳಬೇಕಾಗುತ್ತದೆ, ಹೇಳಿದರೆ...