ದಾಟಬಹುದೇ ಎಂಬ ಫಂಕ್ಷನ್

ಗಂಗಾವಳಿ ಅಳಿವೆ, ಫೆಬ್ರವರಿ ೩೦, ೨೧೯೪

ಪ್ರೀತಿಯ ವಸುಮತಿ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಾರದು, ನಮ್ಮದರಲ್ಲಿದೆ. ನನ್ನ ಕನ್ನಡ ಅಲ್ಲಲ್ಲಿ ನಿಮಗೆ ಒಗ್ಗದಿದ್ದರೆ ಮನ್ನಿಸಿ. ನಾನು ನಾಗವೇಣಿ ಅಂಬಿಗ, ಇಲ್ಲಿನ ಧಕ್ಕೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಸಮುದ್ರ ಒಳಬಂದ ಮೇಲೆ ನಮ್ಮೂರು ದಿಬ್ಬ ದಿಬ್ಬವಾಗಿ ಒಡೆದುಹೋಗಿದೆ. ಶಾಲೆಗೂ ಸಂತೆಗೂ ಆಸ್ಪತ್ರೆಗೂ ದೋಣಿಯಲ್ಲೇ ಹೋಗಬೇಕು. ದೋಣಿ ನಿಲ್ಲುವ ಪ್ರತಿ ಧಕ್ಕೆಯಲ್ಲೂ, ಹೋಗುವ ಒಂದೊಂದು ಜಾಗಕ್ಕೆ ಒಂದೊಂದರಂತೆ, ನೀರುಫಲಕಗಳಿವೆ: ಉಬ್ಬರವನ್ನೂ ಗಾಳಿಯನ್ನೂ ನೋಡಿ, ದಾಟಬಹುದೋ ಬೇಡವೋ ಎಂದು ಹೇಳುವ ಪರದೆಗಳು. ಅವುಗಳ ಹಿಂದೆ ಇಂದಿಗೂ ಓಡುತ್ತಿರುವುದು ನೀವು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ವೆಬ್‌ಸೈಟು; ಒಂದೊಂದು ಫಲಕಕ್ಕೂ ಅದರಲ್ಲಿ ಒಂದೊಂದು ಪುಟ.

ನೀವು ದಾಟುವ ಲೆಕ್ಕವನ್ನೆಲ್ಲ ಎಲ್ಲಿಂದ ಬೇಕಾದರೂ ಕರೆಯಬಹುದಾದ ಒಂದೇ ಕೋಡಿನ ತುಣುಕಿನಲ್ಲಿ, ಅಂದರೆ ಫಂಕ್ಷನ್ನಿನಲ್ಲಿಟ್ಟು, ಅದಕ್ಕೆ ‘ದಾಟಬಹುದೇ’ ಎಂದು ಹೆಸರಿಟ್ಟು, ಪುಟಗಳ ಅಚ್ಚುಗಳಾದ ಟೆಂಪ್ಲೇಟುಗಳಿಗೆಲ್ಲ ಅದನ್ನೇ ಒದಗಿಸಿದ್ದಿರಿ. ನಮ್ಮ ಹಿಂದಿನವರು ಅವಸರದಲ್ಲಿ ಆ ಏರ್ಪಾಡನ್ನು ಕಿತ್ತು, ಲೆಕ್ಕವನ್ನು ಒಂದೊಂದು ಟೆಂಪ್ಲೇಟಿನೊಳಗೂ ನಕಲು ಮಾಡಿಟ್ಟರು. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮರಳುದಿಣ್ಣೆ ಜಾಗ ಬದಲಿಸಿತು. ಯಾರೋ ಸಂತೆಯ ಪುಟವನ್ನಷ್ಟೇ ತಿದ್ದಿ ಸುಮ್ಮನಾದರು.

ಅದೇ ವಾರ ನನ್ನ ತಂಗಿ ಗಿರಿಜೆಗೆ ಹೆರಿಗೆ ನೋವು ಬಂತು. ಧಕ್ಕೆಗೆ ಹೋದರೆ ಆಸ್ಪತ್ರೆಯ ಫಲಕ ‘ದಾಟಬಹುದು’ ಎನ್ನುತ್ತಿತ್ತು, ಪಕ್ಕದ ಸಂತೆಯ ಫಲಕ ‘ಬೇಡ’ ಎನ್ನುತ್ತಿತ್ತು. ದೋಣಿಯ ಗಣಪು ಹುಟ್ಟು ಹಿಡಿದು ನಿಂತುಬಿಟ್ಟ.

“ಎರಡೂ ಒಂದೇ ಹೊಳೆ ಅಲ್ದನೇ ತಂಗಿ? ಯಾವ್ದನ್ನ ನಂಬೂದು?”

“ದಾಟೂದು ಬ್ಯಾಡ,” ಎಂದಳು ಗಿರಿಜೆ, ಹಲ್ಲು ಕಚ್ಚಿಕೊಂಡು. “ಇಲ್ಲೇ ಆಗ್ಲಿ.”

ಟಿಕೆಟ್ ಕೋಣೆಯಲ್ಲಿ ಗಣಪುವಿನ ಹೆಂಡತಿಯೇ ಹೆರಿಗೆ ಮಾಡಿಸಿದಳು. ಮಗು ಅಳುವುದು ಕೇಳಿಸುವ ಹೊತ್ತಿಗೆ, ಆಸ್ಪತ್ರೆಯ ಫಲಕವನ್ನು ನಂಬಿ ಆಚೆ ದಡದಿಂದ ಹೊರಟಿದ್ದ ದೋಣಿಯೊಂದು ದಿಣ್ಣೆಗೆ ಬಡಿದು ಮಗುಚಿತು. ಅಂಬಿಗ ಈಜಿ ಬಂದು ಬದುಕಿದ.

ಮರುದಿನ ಹಳೆಯ ಕೋಡನ್ನೆಲ್ಲ ತಡಕಿದೆ. ನಿಮ್ಮ ಫಂಕ್ಷನ್ ಹಾಗೇ ಬಿದ್ದಿತ್ತು, ಪಕ್ಕದಲ್ಲಿ ನಿಮ್ಮದೇ ಒಂದು ಸಾಲು: ‘ಟೆಂಪ್ಲೇಟಿಗೆ ಲೆಕ್ಕ ಯಾಕೆ, ಕೇಳುವುದಕ್ಕೆ ಬಂದರೆ ಸಾಕು.’ ನಮ್ಮ ಚಿಕ್ಕಮ್ಮನೇ ಗದರಿದ ಹಾಗಾಗಿ ನಕ್ಕುಬಿಟ್ಟೆ. ನಕಲುಗಳನ್ನೆಲ್ಲ ಅಳಿಸಿ, ಹೊಸ ದಿಣ್ಣೆಯ ಆಳವನ್ನು ಅದೊಂದರಲ್ಲೇ ಸೇರಿಸಿ, ಅದನ್ನು ಮತ್ತೆ ಎಲ್ಲ ಟೆಂಪ್ಲೇಟುಗಳಿಗೂ ಕೊಟ್ಟೆ. ಹೊಳೆಯುದ್ದಕ್ಕೂ ಫಲಕಗಳು ಒಂದೇ ಮಾತು ಹೇಳಿದವು.

ಈ ಕಾಗದ ನಿಮ್ಮ ಕಾಲಕ್ಕೆ, ನೀವು ಆ ಸೈಟನ್ನು ಬರೆಯುವ ಮೊದಲೇ ತಲುಪಿದರೆ, ನಿಮ್ಮಲ್ಲಿ ಒಂದು ಬೇಡಿಕೆ. ಬರೆಯುವ ದಿನಗಳಲ್ಲಿ ನಿಮಗೂ ಸುಸ್ತಾಗುತ್ತದೆ. ನಕಲು ಮಾಡಿ ಅಂಟಿಸಿದರೆ ಬೇಗ ಮುಗಿಯುತ್ತದೆ ಎಂದು ಪಕ್ಕದವರು ಹೇಳುತ್ತಾರೆ. ದಯವಿಟ್ಟು ಇನ್ನೊಂದಿಷ್ಟು ಹೊತ್ತು ಕೂತುಕೊಳ್ಳಿ. ನಾಳೆ ಗಿರಿಜೆಯ ಮಗಳು ಮೊದಲ ಸಲ ಒಬ್ಬಳೇ ಶಾಲೆಯ ದೋಣಿ ಹತ್ತುತ್ತಾಳೆ.

ನಿಮ್ಮ,
ನಾಗವೇಣಿ